ಎಪ್ಪತ್ತು ದಾಟಿದವರಿಗೆ ಪ್ರವೇಶವಿಲ್ಲ

ದ್ರೆನೊವಾಕ್ ಊರಿನಲ್ಲಿ ಬದುಕಿರುವವರಿಗಿಂತ ತೀರಿಹೋದವರ ಮುಖಗಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಮನೆಮನೆಯ ಗೇಟಿಗೆ, ಬಸ್ ತಂಗುದಾಣದ ತಗಡಿಗೆ, ಅಂಗಡಿಯ ಬಾಗಿಲಿಗೆ ಕಪ್ಪು ಅಂಚಿನ ಸ್ಮರಣಪತ್ರಗಳು ಅಂಟಿಕೊಂಡಿರುತ್ತವೆ. ಸತ್ತ ದಿನ ಒಂದು, ನಲವತ್ತನೆಯ ದಿನಕ್ಕೆ ಒಂದು, ಆರು ತಿಂಗಳಿಗೆ ಒಂದು, ವರ್ಷ ತುಂಬಿದಾಗ ಒಂದು. ಅನಂತರ ನೆನೆಯುವ ಜೀವ ಒಂದಾದರೂ ಉಳಿದಿರುವವರೆಗೆ ವರ್ಷವರ್ಷವೂ ಒಂದು. ವರ್ಷ ತುಂಬಿದ ದಿನ ಪತ್ರವಿಲ್ಲದೆ ಬೋಳಾಗಿ ನಿಂತ ಗೇಟನ್ನು ಕಂಡರೆ ಹಾದುಹೋಗುವವರು ಒಂದು ಗಳಿಗೆ ನಿಂತು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಸತ್ತವರು ಎರಡನೆಯ ಸಲ ಸತ್ತರೆಂಬುದು ಅದರ ಅರ್ಥ.

ಹತ್ತು ವರ್ಷಗಳಿಂದ ಊರಿನ ಸ್ಮರಣಪತ್ರಗಳನ್ನೆಲ್ಲ ಬರೆದು ಮುದ್ರಿಸುತ್ತ ಬಂದವಳು ಸ್ಟಾಮೆನಾ ಗ್ರೊಜ್ದೆವಾ. ಎಪ್ಪತ್ತೆಂಟರ ಪ್ರಾಯ, ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು, ಇನ್ನೊಂದರದು ಬಾಕಿ. ಪ್ರಾಯದಲ್ಲಿ ಅವಳು ಊರಿನ ಅಂಚೆಕಚೇರಿಯ ದೂರವಾಣಿ ವಿನಿಮಯ ಕೇಂದ್ರದಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತಿದ್ದಳು. ಕಿವಿಗೆ ಕರಿಯ ಬಟ್ಟಲು, ಎದುರಿಗೆ ಸಾಲು ಸಾಲು ತೂತುಗಳ ಹಲಗೆ, ಕೈಯಲ್ಲಿ ತಂತಿ. ಈ ಮನೆಯ ಅಳುವನ್ನು ಆ ಮನೆಗೂ ಆ ಪೇಟೆಯ ನಗುವನ್ನು ಈ ಊರಿಗೂ ಮುಟ್ಟಿಸುವುದೇ ಅವಳ ಕಾಯಕ. ಹಲಗೆ ಹೋಗಿ ಸ್ವಯಂಚಾಲಿತ ಯಂತ್ರ ಬಂದಾಗ ಅವಳನ್ನು ಅಂಚೆಚೀಟಿಯ ಕಿಂಡಿಗೆ ಕೂರಿಸಿದರು. ಆಮೇಲೆ ಕಿಂಡಿಯೂ ಮುಚ್ಚಿತು. ಬಡಗಿಯಾಗಿದ್ದ ಗಂಡ ದಿಮೊ ತೀರಿಕೊಂಡ. ಊರಿನ ಓದುಮನೆಗೆ ಕಂಪ್ಯೂಟರ್ ಬಂದಾಗ ಅರವತ್ತೆಂಟರ ಸ್ಟಾಮೆನಾ ಹೋಗಿ ಅದರ ಮುಂದೆ ಕೂತಳು. ಗ್ರಂಥಪಾಲಕಿ ಝಿವ್ಕಾ ಮೂರು ದಿನ ಹೇಳಿಕೊಟ್ಟಳು. ನಾಲ್ಕನೆಯ ದಿನ ಸ್ಟಾಮೆನಾ ತಿರುಗಿ ಝಿವ್ಕಾಳಿಗೆ ಹೇಳಿಕೊಡತೊಡಗಿದಳು. ಸತ್ತವರ ಮಕ್ಕಳು ಮೊಮ್ಮಕ್ಕಳು ಇಟಲಿಯಿಂದ, ಸ್ಪೇನಿನಿಂದ ಮಿಂಚಂಚೆಗೆ ಚಿತ್ರ ಕಳಿಸುವರು. ಇವಳು ಹೆಸರು ತೇದಿ ಹಾಕಿ, ಎರಡು ಸಾಲು ಕಟ್ಟಿ, ಮುದ್ರಿಸಿ, ಗೋಂದು ಹಚ್ಚಿ ಅಂಟಿಸುವಳು. ಊರಿನಲ್ಲಿ ಉಳಿದ ಅರವತ್ತಮೂರು ಜನರಲ್ಲಿ ನಲವತ್ತೊಂದು ಜನ ಎಪ್ಪತ್ತು ದಾಟಿದವರಾದುದರಿಂದ ಆ ಕೆಲಸಕ್ಕೆ ಬಿಡುವು ಎಂಬುದು ಇರಲಿಲ್ಲ.

ಅನರ್ಥ ಹುಟ್ಟಿದ್ದು ಒಂದು ಹೆಸರಿನಿಂದ. ಓದುಮನೆಯ ಅಧ್ಯಕ್ಷ ತ್ಸಾನ್ಕೊ ಬೊಜುರೊವ್ ಅರವತ್ತರ ನಿವೃತ್ತ ಎಂಜಿನಿಯರ್. ಅಜ್ಜನ ಹೆಸರನ್ನು ಹಿರಿಯ ಮೊಮ್ಮಗನಿಗೆ ಇಡುವ ಪದ್ಧತಿಯಂತೆ ಗಿರಣಿಯ ತ್ಸಾನ್ಕೊ ಬೊಜುರೊವನ ಹೆಸರನ್ನೇ ಹೊತ್ತವನು. ಆ ಅಜ್ಜ ಸತ್ತು ನಲವತ್ತು ವರ್ಷ ತುಂಬಿತು. ಪೇಟೆಯಲ್ಲಿರುವ ಅಧ್ಯಕ್ಷನ ಸೋದರತ್ತೆ ಸ್ಟಾಮೆನಾಳಿಗೆ ಫೋನು ಮಾಡಿ, ಅಪ್ಪನ ಪತ್ರ ಹಾಕಬೇಕೆಂದೂ ಚಿತ್ರ ಕಂಪ್ಯೂಟರಿನಲ್ಲೇ ಇದೆಯೆಂದೂ ಹೇಳಿದಳು. ಸ್ಟಾಮೆನಾ ಹೆಸರು ಹೊಡೆದು ಹುಡುಕಿದಳು. ಗಂಭೀರವಾದ ಮುಖ, ಕೆಳಕ್ಕಿಳಿದ ಮೀಸೆ, ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ ಕಾಣಿಸಿತು. ಆ ಮನೆತನದ ಗಂಡಸರ ಮೀಸೆಯನ್ನು ಎರಡು ಕಣ್ಣಿದ್ದವರೂ ಬೇರೆಬೇರೆ ಮಾಡಿ ಹೇಳಲಾರರು. ಅವಳಿಗಾದರೋ ಒಂದೂವರೆ ಕಣ್ಣು. ಮುಸ್ಸಂಜೆ ಮೂರು ಕಡೆ ಅಂಟಿಸಿ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಅಧ್ಯಕ್ಷ ಬಾಗಿಲು ತೆರೆದಾಗ ಹೊಸ್ತಿಲಲ್ಲಿ, ಪತ್ರದಲ್ಲಿ ಅವನದೇ ಮುಖ ಕಂಡು ತೇದಿ ಓದದೆ ಬಂದ ನಾಲ್ವರು ಮುದುಕಿಯರು ಮೇಣದ ಬತ್ತಿ ಹಿಡಿದು, ಸತ್ತವರಿಗೆ ಸಲ್ಲುವಂತೆ ಸರಿಸಂಖ್ಯೆಯ ಸೇವಂತಿಗೆ ಹಿಡಿದು ನಿಂತಿದ್ದರು. ಮೂವರು ಹೌಹಾರಿ ಹಿಂದಕ್ಕೆ ಸರಿದರು. ನಾಲ್ಕನೆಯವಳು, ಸತ್ತವರಿಗೆಂದು ತಂದದ್ದನ್ನು ತಿರುಗಿ ಮನೆಗೆ ಒಯ್ಯಬಾರದೆಂಬ ಧರ್ಮವನ್ನು ಬಲ್ಲವಳಾದ್ದರಿಂದ, ಹೂವನ್ನು ಅವನ ಕೈಗೇ ಕೊಟ್ಟು ಹೊರಟುಹೋದಳು. ಮಧ್ಯಾಹ್ನದೊಳಗೆ ಜಿಲ್ಲಾಕೇಂದ್ರದಿಂದ ಅವನ ಹೆಂಡತಿಗೆ ಸಂತಾಪದ ಕರೆಗಳು ಬಂದವು. ಒಬ್ಬ ಹಳೆಯ ಸಹೋದ್ಯೋಗಿ, ಫೋನು ಎತ್ತಿದವನು ಸತ್ತವನೇ ಎಂದರಿಯದೆ, ತ್ಸಾನ್ಕೊ ಜಂಬದವನಾದರೂ ಕೆಟ್ಟವನಲ್ಲವೆಂದು ಸಮಾಧಾನ ಹೇಳಿದನಂತೆ.

ತಪ್ಪು ತನ್ನದೇ ಎಂಬುದನ್ನು ಸ್ಟಾಮೆನಾ ಅಲ್ಲಗಳೆಯಲಿಲ್ಲ. ಅಂದೇ ಸಂಜೆ ತಾನು ಕುದಿಸಿದ ಸಿಹಿ ಹಣ್ಣಿನ ಪಾಕದ ಸೀಸೆ ಹಿಡಿದು ಅವನ ಮನೆಗೆ ಹೋಗಿ, ಹೆಂಡತಿಯ ಎದುರಿಗೇ ಕ್ಷಮೆ ಕೇಳಿದಳು. ಅವನು ಸೀಸೆಯನ್ನು ತೆಗೆದುಕೊಂಡ. ವಾರ ತುಂಬುವುದರೊಳಗೆ ಓದುಮನೆಯ ಗೋಡೆಗೆ ಒಂದು ಆಜ್ಞೆ ಅಂಟಿತು: ಅಂತರ್ಜಾಲದ ಅಪಾಯಗಳಿಂದ ಹಿರಿಯ ನಾಗರಿಕರನ್ನು ರಕ್ಷಿಸುವ ಸಲುವಾಗಿ, ಎಪ್ಪತ್ತು ದಾಟಿದವರು ಇನ್ನು ಮುಂದೆ ಸಾರ್ವಜನಿಕ ಕಂಪ್ಯೂಟರನ್ನು "ಹಿರಿಯರು" ಎಂಬ ಹೆಸರಿನಲ್ಲಿ ಮಾತ್ರ ತೆರೆಯತಕ್ಕದ್ದು. ಆ ಹೆಸರಿನೊಳಗೆ ಹೋದರೆ ಟೈಪು ಮಾಡಬಹುದು, ಮುದ್ರಿಸಬಹುದು, ಇಸ್ಪೀಟು ಆಡಬಹುದು. ಅಂತರ್ಜಾಲದ ಗುಂಡಿ ಒತ್ತಿದರೆ ಬಿಳಿಯ ಪುಟವೊಂದು ಎದ್ದು ಬರುವುದು: ನಿಮಗೆ ಪ್ರವೇಶವಿಲ್ಲ.

ಆಜ್ಞೆಗೆ ಎರಡು ಸಹಿಗಳಿದ್ದವು. ಮೂವರ ಮಂಡಳಿಯಲ್ಲಿ ಒಬ್ಬಳು ಮಗಳ ಮನೆಗೆ ಹೋಗಿದ್ದಳು. ಉಳಿದವರು ಅಧ್ಯಕ್ಷ ತ್ಸಾನ್ಕೊ ಮತ್ತು ಕೆಳಗಿನ ಬೀದಿಯ ಗಾಂಚೊ. ಗಾಂಚೊನಿಗೆ ಎಪ್ಪತ್ತಮೂರು, ತನ್ನನ್ನೇ ಹೊರಗಿಡುವ ಕಾಗದಕ್ಕೆ ಅವನು ಸಹಿ ಹಾಕಿದ್ದ. ಕಂಪ್ಯೂಟರನ್ನು ಎಂದೂ ಮುಟ್ಟದ ತನಗೆ ಅದು ಇದ್ದರೇನು, ಹೋದರೇನು ಎಂಬುದು ಅವನ ಲೆಕ್ಕ. ಊರಿನ ಬಹುಮಂದಿ ವೃದ್ಧರ ಲೆಕ್ಕವೂ ಅದೇ ಆಗಿತ್ತು. ಅವರಲ್ಲೊಬ್ಬ ಜಾಹೀರಾತು ನಂಬಿ ಮಂಡಿನೋವಿನ ಪಟ್ಟಿ ತರಿಸಿ, ಪೆಟ್ಟಿಗೆಯೊಳಗೆ ಹಳೆಯ ಕಾಲುಚೀಲ ಬಂದು ಮೋಸಹೋದದ್ದೂ ನಿಜ. ಆದುದರಿಂದ ಆಜ್ಞೆಯಲ್ಲಿ ಕಾಳಜಿಯ ಒಂದು ಎಳೆಯೂ ಇರಲಿಲ್ಲವೆಂದರೆ ಅದು ಅನ್ಯಾಯದ ಮಾತಾದೀತು.

ಆದರೆ ನವೆಂಬರ್ ಇಪ್ಪತ್ತೊಂದಕ್ಕೆ ನೆದೆಲ್ಯಾ ಮಾರಿನೊವಾ ತೀರಿಕೊಂಡು ವರ್ಷ ತುಂಬುವುದಿತ್ತು. ಉಳಿದದ್ದು ಹನ್ನೊಂದು ದಿನ.

ನೆದೆಲ್ಯಾ ಸ್ಟಾಮೆನಾಳ ಗೆಳತಿ, ಸಹಕಾರಿ ಬೇಸಾಯದ ಕಾಲದಲ್ಲಿ ಟ್ರ್ಯಾಕ್ಟರ್ ಓಡಿಸಿದವಳು, ಮಕ್ಕಳಿಲ್ಲದವಳು. ನಲವತ್ತನೆಯ ದಿನದ ಪತ್ರಕ್ಕೆ ಗುರುತಿನ ಚೀಟಿಯ ಚಿತ್ರವಲ್ಲದೆ ಬೇರೆ ಸಿಕ್ಕಿರಲಿಲ್ಲ. ಅದರಲ್ಲಿ ಅವಳು ಕೋಳಿ ಕದ್ದು ಸಿಕ್ಕಿಬಿದ್ದವಳಂತೆ ಕಾಣುತ್ತಿದ್ದಳು. ಬದುಕಿದ್ದಾಗ ಅವಳೇ ಎಚ್ಚರಿಸಿದ್ದಳು: ಆ ಮುಖವನ್ನೇನಾದರೂ ಅಂಟಿಸಿದರೆ ಎದ್ದು ಬಂದು ಕೀಳುವೆನೆಂದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಟ್ರ್ಯಾಕ್ಟರಿನ ಮೇಲೆ ತೆಗೆದ ಚಿತ್ರವೊಂದಿದೆ, ಅದನ್ನೇ ಹಾಕೆಂದು ಆಸ್ಪತ್ರೆಯ ಮಂಚದಲ್ಲಿ ಸ್ಟಾಮೆನಾಳ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು. ಅಕ್ಕನ ಮಗ ಸ್ಪೇನಿನ ಜರಗೋಜಾದಲ್ಲಿ ಗಾರೆ ಕೆಲಸದವನು. ತಾಯಿಯ ಪೆಟ್ಟಿಗೆಗಳನ್ನೆಲ್ಲ ತಡಕಿ ಕಡೆಗೂ ಚಿತ್ರ ಸಿಕ್ಕಿತೆಂದೂ ಮಿಂಚಂಚೆಗೆ ಕಳಿಸಿರುವೆನೆಂದೂ ಅವನು ಫೋನು ಮಾಡಿದ್ದು ಆಜ್ಞೆ ಅಂಟಿದ ಮರುದಿನವೇ. ಚಿತ್ರ ಬಂದು ಯಂತ್ರದೊಳಗೆ ಕೂತಿತ್ತು. ಸ್ಟಾಮೆನಾ ಅದರ ಮುಂದೆ ಕೂತಿದ್ದಳು. ನಡುವೆ ಒಂದು ಬಿಳಿಯ ಪುಟವಿತ್ತು.

ಝಿವ್ಕಾ ನಲವತ್ತನಾಲ್ಕರ ಮೃದು ಹೆಂಗಸು. ಸಂಬಳ ಮಂಡಳಿಯ ಕೈಯಲ್ಲಿ. ಅಧ್ಯಕ್ಷ ಎಲೆಕೋಸು ಉಪ್ಪಿಗೆ ಹಾಕಲು ಮನೆಗೆ ಹೋಗಿರುವ ಹೊತ್ತು ನೋಡಿ ಅವಳು ಪಿಸುದನಿಯಲ್ಲಿ ಹೇಳಿದಳು:

"ಅಜ್ಜಿ, ನನ್ನ ಹೆಸರಲ್ಲಿ ತೆಗೀತೀನಿ. ಐದೇ ನಿಮಿಷ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂತಾನೇ ನಂಗೆ ಬೇಡ," ಎಂದಳು ಸ್ಟಾಮೆನಾ. "ಕದ್ದು ನೋಡೋ ಅಂಥ ಚಿತ್ರ ಅಲ್ಲಮ್ಮ ಅದು. ಇವತ್ತು ನಿನ್ನ ಸೆರಗಿನ ಹಿಂದೆ ನುಗ್ಗಿದ್ರೆ ನಾಳೆ ನಾನು ಸಾಯೋವರೆಗೂ ಹಿಂದಿನ ಬಾಗಿಲೇ ಗತಿ."

ಅಧ್ಯಕ್ಷನೂ ಹೃದಯವಿಲ್ಲದವನಲ್ಲ. ಸಂಗತಿ ತಿಳಿದು ಅವನೇ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಗುಪ್ತಪದವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ತಾನೇ ಅವಳ ಅಂಚೆ ತೆರೆದು, ಚಿತ್ರ ಮುದ್ರಿಸಿ, ಮನೆಗೆ ತಲುಪಿಸುವೆನೆಂದ.

"ನನ್ನ ಅಂಚೆ ನೀನು ಓದ್ತೀಯಾ?"

"ಓದೋದಲ್ಲ ಚಿಕ್ಕಮ್ಮ, ಸಹಾಯ ಮಾಡೋದು. ನಿಮಗೆ ಏನು ಬೇಕೋ ಕೇಳಿ, ನಾವು ತೆಗೆದುಕೊಡ್ತೀವಿ. ಕಷ್ಟ ಏನಿದೆ ಇದ್ರಲ್ಲಿ?"

"ನಿನ್ನ ಮುಖ ಗೇಟಿಗೆ ಅಂಟಿಸಿದ್ದು ತಪ್ಪು. ನಿನ್ನ ಕಾಲು ಹಿಡೀಬೇಕು ಅಂದ್ರೂ ಹಿಡೀತೀನಿ. ಆದ್ರೆ ತಪ್ಪು ಮಾಡಿದ್ದು ನಾನೊಬ್ಬಳು. ನೀನು ಬೀಗ ಹಾಕಿದ್ದು ನಲವತ್ತೊಂದು ಜನಕ್ಕೆ."

"ನೋಡಿ, ಉಳಿದ ನಲವತ್ತು ಜನ ಸುಮ್ಮನೆ ಇದಾರೆ. ನಿಮಗೊಬ್ಬರಿಗೆ ಹಟ."

"ಹಟ ಅಂತಾನೇ ಇಟ್ಕೋ ಮಗ. ಈ ವಯಸ್ಸಲ್ಲಿ ಹಲ್ಲು ಇಲ್ಲ, ಹಟಾನಾದ್ರೂ ಇರಲಿ."

ಅವಳು ಹೀಗೆಂದು ಎದ್ದುಬಂದಳಾದರೂ ದಾರಿಯುದ್ದಕ್ಕೂ ಒಂದು ಅಂಜಿಕೆ ಎದೆಯನ್ನು ಕುಟುಕುತ್ತಿತ್ತು. ಮಾತು ಕೊಟ್ಟಿದ್ದು ನೆದೆಲ್ಯಾಳಿಗೆ. ಹಟ ಹಿಡಿದದ್ದು ತನಗಾಗಿ. ತನ್ನ ಸೆಟೆದ ಕತ್ತಿನ ದೆಸೆಯಿಂದ ಗೆಳತಿಯ ಗೇಟು ಬೋಳಾಗಿ ಉಳಿದರೆ ಅದಕ್ಕೆ ಯಾವ ದೇವರು ಕ್ಷಮೆ ಕೊಟ್ಟಾನು? ಆದರೂ ಚೀಟಿ ಬರೆದುಕೊಡಲು ಅವಳ ಕೈ ಏಳಲಿಲ್ಲ. ಏಳದಿರುವುದಕ್ಕೆ ಕಾರಣವನ್ನು ಅವಳು ಐವತ್ತಮೂರು ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿದ್ದುದು ಗಾಂಚೊನಿಗೆ.

ವಿನಿಮಯದ ಹಲಗೆಯ ಮುಂದೆ ಕೂರುವ ಹುಡುಗಿಯಾಗಿದ್ದಾಗ ಅವಳ ಮೇಜಿನ ಖಾನೆಯಲ್ಲಿ ಒಂದು ಪಟ್ಟಿ ಇರುತ್ತಿತ್ತು. ನಂಬಿಕೆಗೆ ಅರ್ಹರಲ್ಲದ ಮೂರು ಮನೆಗಳ ಹೆಸರು ಅದರಲ್ಲಿದ್ದವು. ಆ ಮನೆಯವರು ಬಂದು ಕರೆ ಕೇಳಿದರೆ ಲೈನು ಕೆಟ್ಟಿದೆಯೆನ್ನಬೇಕು, ಇಲ್ಲವೆನ್ನಬಾರದು. ಹೊಲವನ್ನು ಸಹಕಾರಿ ಬೇಸಾಯಕ್ಕೆ ಬಿಟ್ಟುಕೊಡೆನೆಂದು ಕಡೆಯವರೆಗೂ ನಿಂತವನು ಗಾಂಚೊನ ತಂದೆ. ಒಂದು ದಿನ ಇಪ್ಪತ್ತರ ಗಾಂಚೊ ಬಂದ. ತಾಯಿಯನ್ನು ಜಿಲ್ಲಾ ಆಸ್ಪತ್ರೆಗೆ ಸೇರಿಸಿದ್ದರು, ಹೇಗಿದ್ದಾಳೆಂದು ಕೇಳಬೇಕಿತ್ತು. ಲೈನು ಕೆಟ್ಟಿದೆಯೆಂದಳು. ಅವನು ಬೆಂಚಿನ ಮೇಲೆ ಕೂತ. ಬೆಳಿಗ್ಗೆಯಿಂದ ಕಚೇರಿ ಮುಚ್ಚುವವರೆಗೆ ಟೊಪ್ಪಿಗೆಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತೇ ಇದ್ದ. ತಾಯಿ ಅಂದು ಮಧ್ಯಾಹ್ನವೇ ಹೋಗಿಬಿಟ್ಟಿದ್ದಳು.

ಒಂದು ಸಂಜೆ ಸ್ಟಾಮೆನಾ ಗಾಂಚೊನ ಅಂಗಳಕ್ಕೆ ಹೋದಳು. ಅವನು ದ್ರಾಕ್ಷಿಯ ಬುಡಕ್ಕೆ ಮಣ್ಣು ಏರಿಸುತ್ತಿದ್ದ. ಕೂರೆಂದು ಹೇಳಿ ಗುದ್ದಲಿಯನ್ನು ಗೋಡೆಗೆ ಒರಗಿಸಿದ. ಸಹಿ ವಾಪಸು ತೆಗೆದುಕೊಳ್ಳೆಂದು ಕೇಳಲು ಬಂದಿರುವಳೆಂಬುದು ಅವನಿಗೆ ಗೊತ್ತಿತ್ತು. ನಕ್ಕುಕೊಂಡೇ ಮೊದಲು ಮಾಡಿದ.

"ಅಕ್ಕ, ಆ ಪೆಟ್ಟಿಗೆಗೂ ನಂಗೂ ಏನು ಸಂಬಂಧ ಹೇಳು. ನಮ್ಮ ಕತ್ತೆಗೆ ಚರ್ಚಿನ ಬಾಗಿಲು ಮುಚ್ಚಿದ್ರೆ ಕತ್ತೆ ಬೇಜಾರು ಮಾಡ್ಕೊಳ್ಳತ್ತಾ?"

"ನಿಮ್ಮಮ್ಮ ಆಸ್ಪತ್ರೇಲಿದ್ದ ದಿನ ನೆನಪಿದೆಯಾ ಗಾಂಚೊ?"

ಅವನ ನಗು ನಿಂತಿತು.

"ಲೈನು ಕೆಟ್ಟಿರಲಿಲ್ಲ. ನಾನು ಕೊಡಲಿಲ್ಲ. ನಿಮ್ಮ ಮನೆಗೆ ಕೊಡಬಾರದು ಅಂತ ಬರೆದಿಟ್ಟಿದ್ರು. ತಂತಿ ನನ್ನ ಕೈಯಲ್ಲೇ ಇತ್ತು."

ಗಾಂಚೊ ಕೈಗಂಟಿದ ಮಣ್ಣನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಕೇಳಿದ:

"ಆಗ ಮಾಡಿದ್ರೆ ಸಿಗ್ತಿದ್ಲಾ?"

"ಬೆಳಿಗ್ಗೆ ನೀನು ಬಂದಾಗ ಇನ್ನೂ ಇದ್ಲು."

ಗಾಂಚೊ ಗುದ್ದಲಿಯನ್ನು ಎತ್ತಿಕೊಂಡ. "ಹೋಗು ಅಕ್ಕ," ಎಂದ. ದನಿ ಏರಿಸಲಿಲ್ಲ. ಅವಳು ಬೀದಿಗೆ ಬಂದಮೇಲೆ ಗೇಟಿನ ಅಗುಳಿ ಹಾಕಿಕೊಂಡ ಸದ್ದು ಕೇಳಿಸಿತು.

ಸಹಿಯ ಆಸೆ ಅಲ್ಲಿಗೆ ಮುಗಿಯಿತೆಂದು ಅವಳು ತಿಳಿದಳು. ಹೇಳಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ, ಆದರೆ ಹೇಳಿದ ಮೇಲೆ ಬರುವುದೆಂದು ಪುಣ್ಯವಂತರು ನುಡಿಯುವ ಹಗುರವೂ ಬರಲಿಲ್ಲ. ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಮೂರನೆಯ ದಿನ, ಅಂದರೆ ನವೆಂಬರ್ ಹತ್ತೊಂಬತ್ತಕ್ಕೆ, ಎದ್ದು ತಲೆಗೆ ಬಟ್ಟೆ ಕಟ್ಟಿಕೊಂಡು ಓದುಮನೆಗೆ ನಡೆದಳು. "ಹಿರಿಯರು" ಎಂಬ ಹೆಸರನ್ನು ಒತ್ತಿ ಒಳಗೆ ಹೋದಳು. ಅವರು ಅವಳಿಗೆ ಬಿಟ್ಟುಕೊಟ್ಟಿದ್ದ ಅಕ್ಷರಗಳಿಂದಲೇ, ಅವರು ಬಿಟ್ಟುಕೊಟ್ಟಿದ್ದ ಮುದ್ರಣಯಂತ್ರದಿಂದಲೇ ಒಂದು ಸ್ಮರಣಪತ್ರ ತೆಗೆದಳು. ಕಪ್ಪು ಅಂಚು ಇತ್ತು, ಮೇಲೆ ಶಿಲುಬೆ ಇತ್ತು, ಚಿತ್ರವಿರಬೇಕಾದ ಕಡೆ ಬರಿಯ ಚೌಕವಿತ್ತು. ಕೆಳಗೆ ಬರೆದಿತ್ತು:

"ನೆದೆಲ್ಯಾ ಮಾರಿನೊವಾ, ಟ್ರ್ಯಾಕ್ಟರ್ ಚಾಲಕಿ, ನಮ್ಮನ್ನು ಅಗಲಿ ಒಂದು ವರ್ಷ. ಅವಳ ಚಿತ್ರ ಬಂದು ಓದುಮನೆಯ ಕಂಪ್ಯೂಟರಿನಲ್ಲಿ ಕೂತಿದೆ. ಎಪ್ಪತ್ತು ದಾಟಿದವರು ಅದನ್ನು ನೋಡುವಂತಿಲ್ಲ."

ಝಿವ್ಕಾ ಓದಿದಳು, ಬೆವರಿದಳು, ಹೊಸ ಕಾಗದದ ಕಟ್ಟನ್ನು ತಂದು ಯಂತ್ರಕ್ಕೆ ತುಂಬಿದಳು. ಅಂದು ನಲವತ್ತೊಂದು ಪ್ರತಿಗಳಾದವು. ಸ್ಟಾಮೆನಾ ಗೋಂದಿನ ಡಬ್ಬಿ ಹಿಡಿದು, ಎಪ್ಪತ್ತು ದಾಟಿದವರ ಒಂದು ಮನೆಯನ್ನೂ ಬಿಡದೆ, ಬದುಕಿರುವವರ ಗೇಟುಗಳಿಗೇ ಅಂಟಿಸುತ್ತ ಹೋದಳು. ಗಾಂಚೊನ ಗೇಟಿಗೂ ಅಂಟಿಸಿದಳು. ಕಡೆಯದನ್ನು ಓದುಮನೆಯ ಬಾಗಿಲಿಗೆ ಹಚ್ಚಿದಳು.

ಬರಿಯ ಚೌಕವೆಂಬುದು ವಿಚಿತ್ರವಾದ ವಸ್ತು. ಮುಖವಿದ್ದರೆ ನೋಡಿ ಮುಂದೆ ಹೋಗುತ್ತಾರೆ. ಮುಖವಿಲ್ಲದಿದ್ದರೆ ತಮ್ಮದನ್ನೇ ಅಲ್ಲಿ ಕಾಣುತ್ತಾರೆ. ಸಂಜೆಯೊಳಗೆ ಊರು ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ತಮಗೆ ಕಂಪ್ಯೂಟರ್ ಬೇಡವೆಂದವರೆಲ್ಲ ಬೇಡವೆನ್ನುವ ಹಕ್ಕು ಯಾರದೆಂದು ಯೋಚಿಸತೊಡಗಿದರು. ಮಂಡಿಪಟ್ಟಿಯ ಬದಲು ಕಾಲುಚೀಲ ಪಡೆದಿದ್ದ ಮುದುಕ ಅಂಗಡಿಯ ಮುಂದೆ ನಿಂತು, ಮೋಸಹೋದದ್ದು ತನ್ನ ಕಾಲು, ತ್ಸಾನ್ಕೊನದಲ್ಲವೆಂದೂ, ಇನ್ನೊಂದು ಕಾಲುಚೀಲಕ್ಕಾಗಿ ಇನ್ನೊಮ್ಮೆ ಮೋಸಹೋಗಲು ತನಗೆ ಪೂರ್ಣ ಸ್ವಾತಂತ್ರ್ಯವಿದೆಯೆಂದೂ ಸಾರಿದನು.

ಇಪ್ಪತ್ತೊಂದರ ಬೆಳಿಗ್ಗೆ ಪಕ್ಕದೂರಿನಿಂದ ಪಾದ್ರಿ ಬಂದ. ಸಮಾಧಿಯ ಮೇಲೆ ದ್ರಾಕ್ಷಾರಸ ಎರೆದು ಪ್ರಾರ್ಥನೆ ಮುಗಿಸಿದರು. ಸ್ಟಾಮೆನಾ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನು ಲೋಟಗಳಲ್ಲಿ ಹಂಚಿದಳು. ಹಂಚಿ ಮುಗಿದ ಮೇಲೆ ಜನ ಮನೆಗಳಿಗೆ ಹೋಗಲಿಲ್ಲ. ಲೋಟ ಹಿಡಿದುಕೊಂಡೇ, ಕೋಲೂರಿಕೊಂಡು, ಅವಳ ಹಿಂದೆ ಓದುಮನೆಗೆ ಬಂದರು. ಮೂವತ್ತಕ್ಕೆ ಕಡಿಮೆಯಿರಲಿಲ್ಲ. ಒಳಗೆ ಅಧ್ಯಕ್ಷನಿದ್ದ. ಯಾರೂ ಕೂಗಲಿಲ್ಲ. ಅವನಿಗೂ ಒಂದು ಲೋಟ ಕೊಟ್ಟರು. ಸತ್ತವರ ಗೋಧಿಯನ್ನು ಒಲ್ಲೆನ್ನಬಾರದು, ಅವನು ತೆಗೆದುಕೊಂಡ. ಹಾಗೆ ಕೈಯಲ್ಲಿ ಲೋಟವೂ ಚಮಚವೂ ಇರುವಾಗ ಮನುಷ್ಯ ಗದರಿಸಲಾರ.

ಇದು ದೊಂಬಿಯೆಂದು ಅವನೆಂದ. ದೊಂಬಿಯಲ್ಲ, ವರ್ಷದ ದಿನವೆಂದಳು ಸ್ಟಾಮೆನಾ. ನಿಯಮವೆಂದರೆ ನಿಯಮ, ಎರಡು ಸಹಿ ಇವೆ, ಬದಲಿಸಬೇಕಾದರೆ ಮಂಡಳಿ ಸೇರಬೇಕೆಂದ ಅವನು.

ಆಗ ಬಾಗಿಲ ಬಳಿ ಜನ ಸರಿದರು. ಸಮಾಧಿಗೆ ಬಾರದಿದ್ದ ಗಾಂಚೊ ಒಳಗೆ ಬಂದ. ಕ್ಷೌರ ಮಾಡಿಸಿಕೊಂಡಿದ್ದ, ಕರಿಯ ಕೋಟು ಹಾಕಿದ್ದ. ನೇರವಾಗಿ ಗೋಡೆಯ ಆಜ್ಞೆಯ ಮುಂದೆ ಹೋಗಿ ನಿಂತು ಜೇಬಿನಿಂದ ಪೆನ್ನು ತೆಗೆದ.

"ಗಾಂಚೊ ಮಾವ, ಏನು ಮಾಡ್ತಿದೀರಿ?" ಎಂದ ತ್ಸಾನ್ಕೊ.

"ನನ್ನ ಹೆಸರು ನಾನೇ ಬರೆದಿದ್ದು. ನಾನೇ ಹೊಡೀತೀನಿ."

ಹೊಡೆದ, ಒಂದಲ್ಲ, ಮೂರು ಗೀಟು. ಆಮೇಲೆ ತಿರುಗಿ ಸ್ಟಾಮೆನಾಳನ್ನು ನೋಡಿದ.

"ಇದು ನಿನಗೋಸ್ಕರ ಅಲ್ಲ. ನಿನಗೆ ನಾನು ಏನೂ ಕೊಟ್ಟಿಲ್ಲ, ಕೊಡೋದೂ ಇಲ್ಲ. ಇನ್ನು ಮೇಲೆ ಯಾರಾದ್ರೂ ಲೈನು ಇಲ್ಲ ಅಂದ್ರೆ, ಇದೆಯೋ ಇಲ್ವೋ ನನ್ನ ಕಣ್ಣಿಂದ ನಾನು ನೋಡಬೇಕು. ಅಷ್ಟೇ."

"ಸರಿ," ಎಂದಳು ಸ್ಟಾಮೆನಾ. ಅದಕ್ಕಿಂತ ಹೆಚ್ಚಿನದನ್ನು ಅವಳು ಕೇಳಲಿಲ್ಲ, ಅವನು ಕೊಡಲೂ ಇಲ್ಲ. ಒಂದೇ ಸಹಿಯ ಆಜ್ಞೆ ಆಜ್ಞೆಯಲ್ಲವೆಂಬುದು ಓದುಮನೆಯ ಕಟ್ಟಳೆ. ಅಧ್ಯಕ್ಷ ಲೋಟವನ್ನು ಕಿಟಕಿಯ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತು, ಗುಪ್ತಪದ ಹೊಡೆದು ಬೀಗ ತೆಗೆದ. ಬೆರಳುಗಳು ಎರಡು ಸಲ ತಪ್ಪಿದವು. ಮೂವತ್ತು ಜನ ತಾಳ್ಮೆಯಿಂದ ಕಾದರು. ಮುದುಕರಿಗೆ ಕಂಪ್ಯೂಟರಿನ ಅಭ್ಯಾಸ ಕಡಿಮೆ, ನಿಧಾನವಾಗಿ ಹೊಡೆಯೆಂದು ಹಿಂದಿನಿಂದ ಒಬ್ಬಳು ಬುದ್ಧಿ ಹೇಳಿದಳು.

ಸ್ಟಾಮೆನಾ ತನ್ನ ಅಂಚೆಯನ್ನು ತಾನೇ ತೆರೆದಳು. ಚಿತ್ರ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಇಳಿಯಿತು. ಮೊದಲು ಆಕಾಶ ಬಂತು, ಆಮೇಲೆ ತಲೆಬಟ್ಟೆಯಿಲ್ಲದೆ ಗಾಳಿಗೆ ಕೆದರಿದ ಕೂದಲು, ಅದರ ಕೆಳಗೆ ಹತ್ತೊಂಬತ್ತರ ನೆದೆಲ್ಯಾಳ ಮುಖ. ಚಿತ್ರ ತೆಗೆದವನು ನಗು ಎಂದು ಹೇಳಿರಬೇಕು. ನಗುವುದಿಲ್ಲವೆಂದು ತುಟಿ ಬಿಗಿದು, ಗಲ್ಲ ಎತ್ತಿ, ಟ್ರ್ಯಾಕ್ಟರಿನ ಚಕ್ರದ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು. ಸ್ಟಾಮೆನಾ ಪತ್ರ ಕಟ್ಟಿ ಮುದ್ರಿಸಿದಳು. ಹೆಸರನ್ನೂ ಮುಖವನ್ನೂ ಝಿವ್ಕಾಳಿಗೆ ತೋರಿಸಿ ಎರಡೆರಡು ಸಲ ತಾಳೆ ನೋಡಿಸಿಕೊಂಡಳು. ಹೋಗಿ ನೆದೆಲ್ಯಾಳ ಗೇಟಿಗೆ ಅಂಟಿಸಿ ಬಂದಳು. ಇನ್ನೊಂದು ಪ್ರತಿಯನ್ನು ಓದುಮನೆಯ ಬಾಗಿಲಿಗೆ, ಬರಿಯ ಚೌಕದ ಪತ್ರದ ಪಕ್ಕದಲ್ಲಿ ಹಚ್ಚಿದಳು.

ಜನ ಕರಗಿದ ಮೇಲೆ ಅಧ್ಯಕ್ಷ ಹೊರಬಂದು ಆ ಎರಡನ್ನೂ ನೋಡಿದ.

"ಚಿಕ್ಕಮ್ಮ, ಚಿತ್ರ ಸಿಕ್ತಲ್ಲ. ಇನ್ನು ಆ ಖಾಲಿದನ್ನ ತೆಗೆದುಬಿಡಿ. ಜಿಲ್ಲೆಯಿಂದ ಯಾರಾದ್ರೂ ಬಂದ್ರೆ ಏನಂದ್ಕೋತಾರೆ?"

"ಓದ್ಕೋತಾರೆ," ಎಂದಳು ಸ್ಟಾಮೆನಾ, ಗೋಂದಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ. "ನಿನಗೆ ಬೇಡ ಅಂದ್ರೆ ನೀನೇ ಕಿತ್ಕೋ ಮಗ. ನಾನಂತೂ ಕೀಳಲ್ಲ."

ಅವನು ಕೈ ಎತ್ತಿದ. ಅಂಗಡಿಯ ಕಟ್ಟೆಯ ಮೇಲೆ ಏಳೆಂಟು ಮುದುಕರು ಗೋಧಿ ತಿನ್ನುತ್ತ ಇತ್ತಲೇ ನೋಡುತ್ತಿದ್ದರು. ಎತ್ತಿದ ಕೈಯಿಂದ ಟೊಪ್ಪಿಗೆಯನ್ನು ಸರಿಮಾಡಿಕೊಂಡು ಅವನು ಮನೆಯ ದಾರಿ ಹಿಡಿದ. ಸ್ಟಾಮೆನಾ ಒಳಗೆ ಹೋದಳು. ಇಟಲಿಯಿಂದ ಇನ್ನಾರದೋ ಚಿತ್ರ ಬರುವುದಿತ್ತು.